ಹೊಗಾರ್ತ್ ಚಿತ್ರದಲ್ಲಿ ಆ ನಾಯಿಗಳು ಯಾಕೆ?

18ನೇ ಶತಮಾನದ ಇಂಗ್ಲಿಷ್ ಚಿತ್ರಕಾರ ವಿಲಿಯಂ ಹೊಗಾರ್ತ್ ಅವರ 'ಮ್ಯಾರೇಜ್ ಆ-ಲಾ-ಮೋಡ್' (ಫ್ಯಾಶನ್ನಿನ ಮದುವೆ) ಸರಣಿಯ ಮೊದಲ ಚಿತ್ರದಲ್ಲಿ ಸರಪಳಿ ಹಾಕಿದ ಎರಡು ನಾಯಿಗಳು ಯಾಕಿವೆ ಅಂತ ಕೇಳಿದ್ದೀರಿ. ಆ ಚಿತ್ರದಲ್ಲಿ ಒಂದು ಮದುವೆಯ ಮಾತುಕತೆ ನಡೆದಿದೆ, ಆ ನಾಯಿಗಳು ಅಲ್ಲಿನ ಮದುಮಕ್ಕಳ ಸಂಕೇತವೇ. ಇಷ್ಟ ಇರಲಿ ಬಿಡಲಿ, ಜೊತೆಗೆ ಕಟ್ಟಿ ಹಾಕಿದ್ದಾರೆ.

ಪಕ್ಕದಲ್ಲೇ ಕೂತ ಜೋಡಿ ನೋಡಿ. ಹುಡುಗ ಕನ್ನಡಿ ಕಡೆ ತಿರುಗಿದ್ದಾನೆ. ಹುಡುಗಿ ಉಂಗುರವನ್ನು ಕರವಸ್ತ್ರಕ್ಕೆ ಪೋಣಿಸಿಕೊಂಡು ಮುಖ ಊದಿಸಿಕೊಂಡಿದ್ದಾಳೆ, ವಕೀಲ ಗರಿ ಲೇಖನಿ ಹೆರೆಯುತ್ತಾ ಅವಳ ಕಿವಿಯಲ್ಲಿ ಏನೋ ಉಸುರುತ್ತಿದ್ದಾನೆ, ಮುಂದೆ ಅವನೇ ಅವಳ ಪ್ರಿಯಕರನಾಗಿ ಗಂಡನನ್ನು ಕೊಲ್ಲುತ್ತಾನೆ. ಇಲ್ಲಿ ಸಂಬಂಧ ಕುದುರುತ್ತಿರುವುದು ಅಪ್ಪಂದಿರ ನಡುವೆ, ಅಲ್ವಾ? ಹುಡುಗನ ಅಪ್ಪ, ದುಡ್ಡು ಬರಿದಾದ ಅರ್ಲ್ (ಇಂಗ್ಲೆಂಡಿನ ಶ್ರೀಮಂತ ಪದವಿಯವನು), ವಂಶವೃಕ್ಷ ತೋರಿಸುತ್ತಾನೆ, ವ್ಯಾಪಾರಿ ಬೀಗರು ಹಣ ಕೊಡುತ್ತಾರೆ. ಕಿಟಕಿಯಾಚೆ ಅರ್ಲ್‌ನ ದುಡ್ಡು ಸಾಲದೆ ಅರ್ಧಕ್ಕೆ ನಿಂತ ಬಂಗಲೆ ಇದೆ, ಅದನ್ನು ತಪ್ಪದೆ ನೋಡಿ.

ಹೊಗಾರ್ತ್ ದುಡಿಮೆಯನ್ನು ಹೇಗೆ ತೋರಿಸಿದ್ದಾರೆ ಅಂತಲೂ ಕೇಳಿದ್ದೀರಿ. 1747ರ 'ಇಂಡಸ್ಟ್ರಿ ಆಂಡ್ ಐಡಲ್‌ನೆಸ್' (ದುಡಿಮೆ ಮತ್ತು ಸೋಮಾರಿತನ) ಸರಣಿಯ 12 ಚಿತ್ರಗಳಲ್ಲಿ ನೇಯ್ಗೆ ಕಲಿಯುವ ಇಬ್ಬರು ಹುಡುಗರಿದ್ದಾರೆ. ಒಬ್ಬ ಧಣಿಯ ಮಗಳನ್ನು ಮದುವೆಯಾಗಿ ಲಂಡನ್ನಿನ ಮೇಯರ್ ಆಗುತ್ತಾನೆ, ಇನ್ನೊಬ್ಬ ಲಂಡನ್ನಿನಲ್ಲಿ ಗಲ್ಲಿಗೇರಿಸುತ್ತಿದ್ದ ಜಾಗವಾದ ಟೈಬರ್ನ್‌ನಲ್ಲಿ ನೇಣಿಗೆ ಹೋಗುತ್ತಾನೆ. ನನಗೆ ಇದರಲ್ಲಿ ಬುದ್ಧಿವಾದ ಜಾಸ್ತಿ ಅನಿಸುತ್ತದೆ, ಮದುವೆ ಸರಣಿಯೇ ಇಷ್ಟ.

ಮದುವೆಯ 6 ಮೂಲ ಚಿತ್ರಗಳು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿವೆ. ಅವುಗಳಿಂದ ಮಾಡಿದ 1745ರ ಅಚ್ಚುಗಳಲ್ಲಿ ಎಡ ಬಲ ಅದಲು ಬದಲಾಗಿರುತ್ತದೆ, ಎರಡನ್ನೂ ಹೋಲಿಸುವಾಗ ಗಮನಿಸಿ.