ನೀಲಿ ಸೂರ್ಯನ ಕೆಳಗಿನ ಕಾಡು

ಸಾಗರದಿಂದ ಓದುಗರೊಬ್ಬರು ಬರೆದಿದ್ದಾರೆ: ‘ನಾವು ಆರು ಜನ ಗೆಳೆಯರು ಸೇರಿ ಒಂದು ಕಲ್ಪಿತ ಗೆಲಾಕ್ಸಿ ಕಟ್ಟುತ್ತಿದ್ದೇವೆ. ಒಬ್ಬೊಬ್ಬರ ಪಾಲಿಗೆ ಒಂದಿಷ್ಟು ನಕ್ಷತ್ರ. ಅವುಗಳ ಗ್ರಹಗಳು, ಅಲ್ಲಿನ ಜನ, ಕಥೆ ಎಲ್ಲ ಅವರವರದ್ದು. ಒಬ್ಬರ ಪಾತ್ರ ಇನ್ನೊಬ್ಬರ ಗ್ರಹಕ್ಕೆ ಹೋಗಿ ಬರಬಹುದು. ನನ್ನ ಝೋರ್ಗಾನ್ ಗ್ರಹದಲ್ಲಿ ದೊಡ್ಡ ನೀಲಿ ಸೂರ್ಯನ ಕೆಳಗೆ ಕೋಟಿ ಕೋಟಿ ವರ್ಷಗಳ ಕಾಡಿದೆ. ನಮ್ಮಲ್ಲೊಬ್ಬ ಎಲ್ಲದಕ್ಕೂ ತೂಕ, ದೂರ, ವರ್ಷದ ಉದ್ದ ಕೇಳಿ ಪ್ರಾಣ ತಿನ್ನುತ್ತಾನೆ. ನಮ್ಮ ಪುರಾಣದ ಹದಿನಾಲ್ಕು ಲೋಕಗಳಿಗೆ ಯಾರು ಲೆಕ್ಕ ಕೇಳಿದ್ದರು? ಲೆಕ್ಕ ಬಂದಲ್ಲಿ ಕಲ್ಪನೆ ಸಾಯುವುದಿಲ್ಲವೇ?’

ಸಂಪಾದಕರ ಉತ್ತರ:

ಆರು ಜನ ಕೂತು ಕನ್ನಡದಲ್ಲಿ ಒಂದು ಗೆಲಾಕ್ಸಿ ಕಟ್ಟುತ್ತಿದ್ದೀರಿ ಎಂಬುದೇ ಈ ತಿಂಗಳು ನನ್ನ ಮೇಜಿಗೆ ಬಂದ ಅತ್ಯಂತ ಒಳ್ಳೆಯ ಸುದ್ದಿ. ಖುಷಿಯಿಂದ ಓದುತ್ತ ಹೋದವನು ನಿಮ್ಮ ಕೊನೆಯ ಸಾಲಿಗೆ ಬಂದು ನಿಂತೆ. ಅಡ್ಡಗೋಡೆಯ ಮೇಲೆ ದೀಪ ಇಡುವುದು ನನಗೆ ಒಗ್ಗದು. ನಾನು ನಿಮ್ಮ ಆ ಪ್ರಾಣ ತಿನ್ನುವ ಗೆಳೆಯನ ಪಕ್ಷ.

ನಿಮ್ಮ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಏಳು ಸಮುದ್ರದಾಚೆ ಗಿಳಿಯೊಳಗೆ ರಾಕ್ಷಸನ ಜೀವ ಇದೆ ಎಂದು ಅಜ್ಜಿ ಹೇಳುವಾಗ ಸಮುದ್ರದ ಅಗಲ ಕೇಳಬಾರದು. ಅದು ಒಬ್ಬಳೇ ಕಟ್ಟಿ, ಒಬ್ಬಳೇ ಮುಗಿಸಿ, ಮಗುವನ್ನು ಮಲಗಿಸುವ ಲೋಕ. ಅಷ್ಟು ಒಪ್ಪಿದೆ.

ಆದರೆ ಪುರಾಣವನ್ನು ಸಾಕ್ಷಿಗೆ ಕರೆದಿರಲ್ಲ, ಅಲ್ಲಿ ಎಡವಿದಿರಿ. ಭಾಗವತದಲ್ಲಿ ಕಕುದ್ಮಿ ಎಂಬ ರಾಜ ಮಗಳು ರೇವತಿಯನ್ನು ಕರೆದುಕೊಂಡು, ತಕ್ಕ ವರ ಯಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಗಾನ ನಡೆದಿರುತ್ತದೆ. ಮುಗಿಯಲಿ ಎಂದು ಒಂದು ಗಳಿಗೆ ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಕಳೆದಿರುತ್ತವೆ. ಅವನು ಮನಸ್ಸಿನಲ್ಲಿಟ್ಟುಕೊಂಡು ಬಂದ ವರರು ಯಾರೂ ಉಳಿದಿಲ್ಲ, ಅವರ ಮೊಮ್ಮಕ್ಕಳ ಹೆಸರೂ ಕೇಳಿಬರುವುದಿಲ್ಲ. ರೇವತಿ ಬಲರಾಮನ ಕೈಹಿಡಿಯುವುದು ಆ ಲೆಕ್ಕದ ದೆಸೆಯಿಂದ. ಇನ್ನು ನಕ್ಷತ್ರ ಸೃಷ್ಟಿಯಲ್ಲಿ ನಿಮಗೆಲ್ಲ ಹಿರಿಯನಾದ ವಿಶ್ವಾಮಿತ್ರ ತ್ರಿಶಂಕುವಿಗಾಗಿ ತೆಂಕಣ ಆಕಾಶದಲ್ಲಿ ಹೊಸ ನಕ್ಷತ್ರಮಾಲೆಯನ್ನೇ ಹೂಡಿದ. ಅಷ್ಟು ಸಿಟ್ಟಿನಲ್ಲೂ ಬಡಗಣ ದಿಕ್ಕಿನ ಸಪ್ತರ್ಷಿಗಳಿಗೆ ಸರಿಸಾಟಿಯಾಗಿ ಬೇರೆ ಸಪ್ತರ್ಷಿಗಳನ್ನು ಇಟ್ಟ. ಎಣಿಕೆ ಕೈಬಿಡಲಿಲ್ಲ.

ಈಗ ನಿಮ್ಮ ಕಾಡಿಗೆ ಬರೋಣ. ಚಳಿಗಾಲದ ರಾತ್ರಿ ಮಹಾವ್ಯಾಧನ ಪಾದದಲ್ಲಿ ನೀಲಿ-ಬಿಳಿಯಾಗಿ ಉರಿಯುವ ರೈಜೆಲ್ ನೋಡಿದ್ದೀರಲ್ಲ, ಅಂಥ ದೈತ್ಯ ನಕ್ಷತ್ರ ದುಂದುಗಾರ. ಸೂರ್ಯನಿಗಿಂತ ಸುಮಾರು ಇಪ್ಪತ್ತು ಪಟ್ಟು ಸರಕು ಇದ್ದರೂ ಸುಮಾರು ಲಕ್ಷ ಪಟ್ಟು ಬೆಳಕು ಚೆಲ್ಲಿ, ಒಂದು ಕೋಟಿ ವರ್ಷದ ಆಸುಪಾಸಿನಲ್ಲಿ ದಿವಾಳಿಯಾಗುತ್ತದೆ. ನಮ್ಮ ಸೂರ್ಯನ ಆಯುಷ್ಯ ಸುಮಾರು 1000 ಕೋಟಿ ವರ್ಷ. ಭೂಮಿ ಹುಟ್ಟಿ ಸುಮಾರು 454 ಕೋಟಿ ವರ್ಷವಾಗಿದೆ. ಅದರಲ್ಲಿ ನೆಲದ ಮೇಲೆ ಕಾಡು ಎನ್ನುವಂಥದ್ದು ಎದ್ದು ನಿಂತದ್ದು 40 ಕೋಟಿ ವರ್ಷಗಳಿಂದ ಈಚೆಗೆ. ಎಂದರೆ ನಿಮ್ಮ ನೀಲಿ ಸೂರ್ಯನ ಕೆಳಗೆ ಒಂದು ಪಾಚಿ ಹುಟ್ಟುವುದಕ್ಕೂ ಪುರುಸೊತ್ತಿಲ್ಲ.

ಕಾಡು ಕಡಿಯಿರಿ ಎಂದು ನಾನು ಹೇಳಲಾರೆ. ಕಾಡು ಇರಲಿ, ಲೆಕ್ಕವೂ ಇರಲಿ. ಹುಟ್ಟಲು ಸಮಯವೇ ಇಲ್ಲದ ಕಡೆ ಕಾಡು ನಿಂತಿದೆ ಎಂದರೆ ಯಾರೋ ಬೇರೆ ಕಡೆಯಿಂದ ತಂದು ನೆಟ್ಟಿದ್ದಾರೆ. ಯಾರು? ಇನ್ನು ಸ್ವಲ್ಪ ಕಾಲದಲ್ಲಿ ಸಿಡಿದು ಹೋಗುವ ನಕ್ಷತ್ರದ ಬುಡದಲ್ಲೇ ಯಾಕೆ ನೆಟ್ಟರು? ಗೊತ್ತಿದ್ದೇ ನೆಟ್ಟರೆ? ನಿಮ್ಮ ಪತ್ರದಲ್ಲಿ ಬರೀ ಕಾಡಿತ್ತು. ನಿಮ್ಮ ಗೆಳೆಯ ಒಂದು ಪ್ರಶ್ನೆ ಕೇಳಿದ, ಕಥೆ ಬಂತು.

ನಿಮ್ಮಂತೆಯೇ ಕೂಡಿ ಕಟ್ಟಿದವರ ಸಂಗತಿಯೊಂದನ್ನು ಹೇಳುತ್ತೇನೆ. 1975ರಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವೈಜ್ಞಾನಿಕ ಕಥೆಗಾರ ಹಾರ್ಲನ್ ಎಲಿಸನ್ ತಮ್ಮಂಥ ಕೆಲವು ಲೇಖಕರನ್ನು ಕಲೆಹಾಕಿದರು. ಹಾಲ್ ಕ್ಲೆಮೆಂಟ್ ನಕ್ಷತ್ರ, ಕಕ್ಷೆಗಳ ಲೆಕ್ಕ ಹಾಕಿದರು. ಪೌಲ್ ಆಂಡರ್ಸನ್ ನೆಲ, ಹವೆ ನೋಡಿಕೊಂಡರು, ಲ್ಯಾರಿ ನಿವೆನ್ ಜೀವಿಗಳನ್ನು, ಫ್ರೆಡರಿಕ್ ಪೋಲ್ ಸಮಾಜವನ್ನು. ಹೀಗೆ ಮೆಡೀಯ ಎಂಬ ಲೋಕ ಮೊದಲು ಸಿದ್ಧವಾಯಿತು. ಕಥೆಗಳು ಆಮೇಲೆ ಬಂದವು. ಎಲ್ಲ ಸೇರಿ ಪುಸ್ತಕವಾದದ್ದು 1985ರಲ್ಲಿ. ಅವರು ಆರಿಸಿಕೊಂಡ ನಕ್ಷತ್ರ ನಮಗೆ ಹೊಸದಲ್ಲ. ನಮ್ಮ ರೈತರು ಯಾವ ನಕ್ಷತ್ರದ ಹೆಸರಿನಲ್ಲಿ ಜುಲೈ ಮಳೆ ಎಣಿಸುತ್ತಾರೋ ಆ ಪುನರ್ವಸುವಿನ ಎರಡು ತಾರೆಗಳಲ್ಲಿ ಒಂದು, ಕ್ಯಾಸ್ಟರ್. ಬರಿಗಣ್ಣಿಗೆ ಒಂದೇ ಚುಕ್ಕಿ, ನಿಜವಾಗಿ ಆರು ನಕ್ಷತ್ರಗಳ ಒಟ್ಟು ಕುಟುಂಬ. ಅದರ ಅಂಚಿನಲ್ಲಿ ಎರಡು ಕೆಂಪು ಕುಬ್ಜ ತಾರೆಗಳು ಒಂದು ದಿನವೂ ಹಿಡಿಯದ ಹಾಗೆ ಒಂದನ್ನೊಂದು ಸುತ್ತುತ್ತವೆ, ಆಗಾಗ ಭುಗಿಲೆಂದು ಜ್ವಾಲೆ ಕಾರುತ್ತವೆ. ಮೆಡೀಯ ಇರುವುದು ಅವುಗಳ ಬಳಿ, ಒಂದು ದೈತ್ಯ ಗ್ರಹದ ಉಪಗ್ರಹವಾಗಿ. ಅದರ ಒಂದೇ ಮುಖ ಸದಾ ಆ ದೈತ್ಯನ ಕಡೆ. ಆ ಕಡೆ ಬೇಗೆ, ಬೆನ್ನಿನ ಕಡೆ ಹಿಮ. ಅಲ್ಲಿ ಜಲಜನಕ ತುಂಬಿಕೊಂಡು ತೇಲುವ ಜೀವಿಗಳಿವೆ. ಜಲಜನಕ ಬೆಂಕಿಗೆ ಏನಾಗುತ್ತದೆಂದು ನಿಮಗೆ ಗೊತ್ತು. ಅಲ್ಲಿ ಕಥೆ ಬರೆಯುವವನಿಗೆ ಹಗೆ ಯಾರು, ಭಯ ಯಾವುದು ಎಂದು ತಲೆ ಕೆರೆದುಕೊಳ್ಳುವ ಕೆಲಸವಿಲ್ಲ.

ಆರು ಜನರ ಲೋಕದಲ್ಲಿ ಲೆಕ್ಕ ಬೇಕಾಗುವುದು ಇದಕ್ಕೇ. ನಿಮ್ಮ ಗ್ರಹದಲ್ಲಿ ನಾಳೆ ಇನ್ನೊಬ್ಬರ ಪಾತ್ರ ಬಂದು ಇಳಿಯುತ್ತದೆ. ಅವಳ ಕಾಲು ನೆಲಕ್ಕೆ ಎಷ್ಟು ಭಾರವಾಗಿ ಊರುತ್ತದೆ, ಬೆಳಗಾಗಲು ಎಷ್ಟು ಹೊತ್ತು ಬೇಕು ಎಂದು ನೀವು ಬರೆದಿಡದಿದ್ದರೆ ಅವಳನ್ನು ಬರೆಯುವವರು ಏನು ಮಾಡಬೇಕು? ನೆಂಟರನ್ನು ಕರೆದು ಮನೆಯಲ್ಲಿ ನೀರು ತುಂಬಿಸಿಡದ ಹಾಗಾಯಿತು ಅದು.

ಮೆಡೀಯದ ಲೆಕ್ಕ ಹಾಕಿದ ಆ ಕ್ಲೆಮೆಂಟ್ ಮ್ಯಾಸಚೂಸೆಟ್ಸ್‌ನಲ್ಲಿ ಹೈಸ್ಕೂಲ್ ವಿಜ್ಞಾನದ ಮೇಷ್ಟ್ರಾಗಿದ್ದರು. 1953ರಲ್ಲೇ ತಮ್ಮ ಒಂದು ಕಾದಂಬರಿಗಾಗಿ ಮೆಸ್ಕ್ಲಿನ್ ಎಂಬ ಗ್ರಹ ಮಾಡಿದ್ದರು. ಅಲ್ಲಿ ಒಂದು ದಿನಕ್ಕೆ ನಮ್ಮ ಸುಮಾರು 18 ನಿಮಿಷ. ಬುಗುರಿಯ ಹಾಗೆ ತಿರುಗುವ ಆ ಗ್ರಹ ದೋಸೆಯಂತೆ ಚಪ್ಪಟೆಯಾಗಿದೆ. ನಡುಗೆರೆಯಲ್ಲಿ ಗುರುತ್ವ ನಮ್ಮ ಮೂರು ಪಟ್ಟು, ಧ್ರುವದಲ್ಲಿ ನೂರಾರು ಪಟ್ಟು. ಅಲ್ಲಿನ ನಾವಿಕ ಒಂದೂವರೆ ಗೇಣುದ್ದದ, ಶತಪದಿಯಂಥ ಜೀವಿ. ಅವನ ಊರಲ್ಲಿ ಬೆರಳೆತ್ತರದಿಂದ ಬಿದ್ದರೂ ಸಾವು. ಹಾಗಾಗಿ ಅವನಿಗೆ ‘ಮೇಲೆ’ ಎಂಬುದೇ ಭಯ. ಎಸೆಯುವುದು ಎಂಬ ಕ್ರಿಯೆ ಅವನ ಜನಕ್ಕೆ ಗೊತ್ತೇ ಇಲ್ಲ. ಮನುಷ್ಯನೊಬ್ಬ ಅವನನ್ನು ಎತ್ತಿ ಗಾಡಿಯ ನೆತ್ತಿಯ ಮೇಲೆ ಕೂರಿಸಿದಾಗ ಅವನಿಗಾಗುವ ತಲ್ಲಣ ಓದಿ ನಾನು ಪುಸ್ತಕ ಮಡಿಚಿಟ್ಟು ಸುಮ್ಮನೆ ಕೂತಿದ್ದೆ. ಲೆಕ್ಕ ಮಾಡದವನ ಕೈಗೆ ಆ ತಲ್ಲಣ ಸಿಗುತ್ತಿರಲಿಲ್ಲ.

ನಮ್ಮ ಭಾಷೆಯೊಳಗೇ ಇಂಥದ್ದು ಬಚ್ಚಿಟ್ಟುಕೊಂಡಿದೆ. ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ 4.24 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ. ಅದರ ಸುತ್ತ 2016ರಲ್ಲಿ ಪತ್ತೆಯಾದ ಗ್ರಹಕ್ಕೆ ವರ್ಷವೆಂದರೆ ಬರೀ 11.2 ದಿನ. ಎಪ್ಪತ್ತರ ಅಜ್ಜಿಗೆ ಅಲ್ಲಿ 2280 ವರ್ಷ. ತನ್ನ ನಕ್ಷತ್ರಕ್ಕೆ ಅಷ್ಟು ಹತ್ತಿರವಿರುವ ಗ್ರಹ ಬಹುಮಟ್ಟಿಗೆ ಒಂದೇ ಮುಖ ತೋರುತ್ತಿರುತ್ತದೆ, ಚಂದ್ರ ನಮಗೆ ತೋರುವ ಹಾಗೆ. ಅಲ್ಲಿ ಸೂರ್ಯ ಮೂಡುವುದಿಲ್ಲ. ಮೂಡದ ಊರಿನಲ್ಲಿ ‘ಮೂಡಣ’ ಎಂದರೇನು? ಸೂರ್ಯ ಪಡದ ಊರಿನಲ್ಲಿ ‘ಪಡುವಣ’ ಯಾವುದು? ಅಲ್ಲಿ ಹುಟ್ಟಿದ ಕನ್ನಡದ ಹುಡುಗಿ ಮನೆಯ ಬಾಗಿಲು ಯಾವ ಕಡೆಗಿದೆ ಎಂದು ಹೇಗೆ ಹೇಳುತ್ತಾಳೆ? ಇಂಗ್ಲಿಷಿನಲ್ಲಿ ಬರೆಯುವವನಿಗೆ ಈ ಪ್ರಶ್ನೆ ಇಷ್ಟು ತೀಕ್ಷ್ಣವಾಗಿ ಏಳಲಾರದು. ಇದು ನಮ್ಮ ಪಾಲಿಗೆ ಬಂದದ್ದು. ಇದನ್ನು ಬಿಟ್ಟು ಝೋರ್ಗಾನ್ ಎನ್ನುತ್ತೀರಲ್ಲ!

ಹೆಸರಿನ ವಿಷಯಕ್ಕೆ ಸ್ವಲ್ಪ ಬೈಯುತ್ತೇನೆ, ಬೇಸರಿಸಬೇಡಿ. ನೀವು ಕಳಿಸಿದ ಪಟ್ಟಿಯಲ್ಲಿ ಹತ್ತೊಂಬತ್ತು ಗ್ರಹ, ಒಂದಕ್ಕೂ ಕನ್ನಡದ ಬಾಯಿಗೆ ಬರುವ ಹೆಸರಿಲ್ಲ. ಊರಿಗೆ ಹೆಸರಿಡುವುದು ಅಲ್ಲಿ ಮೊದಲು ಕಂಡದ್ದನ್ನು ನೋಡಿ. ಬೊಮ್ಮಸಂದ್ರ, ಸಿಂಗಸಂದ್ರಗಳ ‘ಸಂದ್ರ’ ಸಮುದ್ರವೇ. ಒಂದು ಕೆರೆ ತುಂಬಿದ್ದನ್ನು ಕಂಡ ಜನ ಅದನ್ನು ಸಮುದ್ರವೆಂದು ಕರೆದರು. ಆ ಸಂಭ್ರಮ ನಿಮ್ಮ ಗ್ರಹಕ್ಕೆ ಇಳಿದವರಿಗೂ ಇರಬೇಡವೇ? 2019ರಲ್ಲಿ ನಿಜವಾದ ನಕ್ಷತ್ರವೊಂದಕ್ಕೆ ಹೆಸರಿಡುವ ಅವಕಾಶವನ್ನು ಅಂತರರಾಷ್ಟ್ರೀಯ ಖಗೋಳ ಸಂಘ ಭಾರತಕ್ಕೆ ಕೊಟ್ಟಾಗ, ನಕ್ಷತ್ರಕ್ಕೆ ಬಿಭಾ ಎಂದೂ ಅದರ ಗ್ರಹಕ್ಕೆ ಸಂತಮಸ ಎಂದೂ ಇಟ್ಟರು. ಬಿಭಾ ಎಂದರೆ ಬೆಳಕಿನ ಕಿರಣ, ವಿಜ್ಞಾನಿ ಬಿಭಾ ಚೌಧುರಿಯವರ ನೆನಪೂ ಹೌದು. ನಿಜದ ಆಕಾಶದಲ್ಲಿ ನಮ್ಮ ಮಾತಿಗೆ ಜಾಗವಿದೆ, ನಿಮ್ಮ ಕಲ್ಪನೆಯಲ್ಲಿ ಇಲ್ಲವೇ?

ತಪ್ಪು ಹಿಡಿಯುವ ಗೆಳೆಯನನ್ನು ಹಗೆಯಂತೆ ಕಾಣಬೇಡಿ. ನಿವೆನ್ ಸೂರ್ಯನಂಥ ನಕ್ಷತ್ರವೊಂದರ ಸುತ್ತ ಭೂಮಿಯ ಕಕ್ಷೆಯಷ್ಟು ದೊಡ್ಡ ಬಳೆಯಂಥ ಲೋಕವೊಂದನ್ನು ಕಟ್ಟಿ 1970ರಲ್ಲಿ ಕಾದಂಬರಿ ಬರೆದರು. ಮರುವರ್ಷ ಬಾಸ್ಟನ್ನಿನಲ್ಲಿ ನಡೆದ ವೈಜ್ಞಾನಿಕ ಕಥಾಪ್ರಿಯರ ಸಮಾವೇಶದಲ್ಲಿ, ಹೆಸರಾಂತ ತಂತ್ರಜ್ಞಾನ ಸಂಸ್ಥೆ ಎಂಐಟಿಯ ವಿದ್ಯಾರ್ಥಿಗಳು ಹಜಾರದ ತುಂಬ, ಆ ಬಳೆ ನಿಲ್ಲುವುದಿಲ್ಲ ಎಂದು ಕೂಗಿಕೊಂಡು ಓಡಾಡಿದರು. ಅವರ ಲೆಕ್ಕ ಸರಿಯಿತ್ತು. ಒಂದಿಷ್ಟು ಜರುಗಿದರೆ ಬಳೆ ನಡುವಿನ ನಕ್ಷತ್ರಕ್ಕೆ ಬಡಿಯುತ್ತದೆ. ನಿವೆನ್ ಮುನಿಸಿಕೊಳ್ಳದೆ ಅದನ್ನೇ ಹಿಡಿದು ಇನ್ನೊಂದು ಕಾದಂಬರಿ ಬರೆದರು.

ನಮ್ಮಲ್ಲಿ ಮಾತ್ರ ಲೆಕ್ಕ ಒಂದು ಕೋಣೆ, ಕಥೆ ಇನ್ನೊಂದು ಕೋಣೆ. ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಮಕ್ಕಳನ್ನು ಎರಡು ಸಾಲು ಮಾಡಿ ನಿಲ್ಲಿಸುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಕಥಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಒಬ್ಬ ವಿದ್ಯಾರ್ಥಿನಿ ಎರಡು ಸೂರ್ಯರ ಗ್ರಹದ ಕಥೆ ಬರೆದಿದ್ದಳು. 2011ರಲ್ಲಿ ಪತ್ತೆಯಾದ ಕೆಪ್ಲರ್-16ರ ಗ್ರಹವನ್ನು ಆಧಾರ ಮಾಡಿಕೊಂಡಿದ್ದಳು. ಅಲ್ಲಿ ಎರಡು ನಕ್ಷತ್ರಗಳು 41 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ, ಗ್ರಹ ಎರಡನ್ನೂ ಸೇರಿಸಿ 229 ದಿನಕ್ಕೆ ಸುತ್ತು ಹಾಕುತ್ತದೆ. ಅವಳ ಕಥೆಯ ತಾಯಿ ಅಂಗಳದಲ್ಲಿ ನಿಂತು, ತನ್ನ ಎರಡು ನೆರಳು ಹತ್ತಿರ ಬಂದು ಒಂದಾಗುವ ಗಳಿಗೆಗೆ ಕಾಯುತ್ತಾಳೆ. ಒಂದಾದ ಕ್ಷಣ ಊರಿಗೆಲ್ಲ ದೀಪ ಹಚ್ಚುವ ಹಬ್ಬ. ಜೊತೆಗಿದ್ದ ಇಬ್ಬರು ತೀರ್ಪುಗಾರರಲ್ಲಿ ಒಬ್ಬರು ಇದು ಸಾಹಿತ್ಯವಲ್ಲ ಎಂದರು, ಇನ್ನೊಬ್ಬರು ಇದು ವಿಜ್ಞಾನವಲ್ಲ ಎಂದರು. ಬಹುಮಾನ ಬಸ್‌ಸ್ಟ್ಯಾಂಡಿನ ಪ್ರೇಮಕಥೆಯೊಂದಕ್ಕೆ ಹೋಯಿತು. ಆ ಹುಡುಗಿ ಹಸ್ತಪ್ರತಿ ವಾಪಸು ಪಡೆದು, ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡದ್ದು ಇವತ್ತಿಗೂ ಕಣ್ಣ ಮುಂದಿದೆ. ಹೆಸರು, ವಿಳಾಸ ಕೇಳಿಕೊಳ್ಳದೆ ಬಂದೆ. ಅದಕ್ಕೆ ಇವತ್ತಿಗೂ ನೊಂದುಕೊಳ್ಳುತ್ತೇನೆ.

ಹಾಗಾಗಿ ನಿಮ್ಮ ವಿಳಾಸವನ್ನು ಭದ್ರವಾಗಿ ಇಟ್ಟುಕೊಂಡಿದ್ದೇನೆ. ಆರೂ ಜನ ಸೇರಿ ಬರೆದದ್ದನ್ನು ನಕ್ಷೆಯ ಸಮೇತ ಕಳಿಸಿ. ಒಂದೊಂದು ಗ್ರಹಕ್ಕೆ ಅರ್ಧ ಪುಟ ಸಾಕು: ಸೂರ್ಯ ಎಂಥದು, ವರ್ಷ ಎಷ್ಟು ದಿನ, ಕಾಲಡಿಯ ಭಾರ ಎಷ್ಟು, ಹೆಸರಿಟ್ಟವರು ಯಾರು. ಮೂರು ಪುಟ ನಮ್ಮ ಪತ್ರಿಕೆಯಲ್ಲಿ ತೆಗೆದಿರಿಸುತ್ತೇನೆ. ನಿಮ್ಮ ನೀಲಿ ಸೂರ್ಯನ ಕೆಳಗೆ ಆ ಕಾಡು ನೆಟ್ಟವರು ಯಾರೆಂದು ನಿಮಗೆ ಹೊಳೆದ ದಿನ, ನನಗೆ ಬರೆಯುವ ಮೊದಲು ಆ ಗೆಳೆಯನ ಮನೆಗೆ ಹೋಗಿ ಓದಿ ಹೇಳಿ.