ಇಂಟರ್‌ವ್ಯೂ ಮುಗಿದರೂ ಪೌರತ್ವ ಬಂದಿಲ್ಲ

ಪ್ರಶ್ನೆ: ಮಗ ಅಮೆರಿಕದಲ್ಲಿದ್ದಾನೆ. ಪೌರತ್ವದ ಇಂಟರ್‌ವ್ಯೂ ಪಾಸಾಗಿ ಏಳು ತಿಂಗಳಾಯ್ತು. ಕೇಳಿದರೆ ‘ಹಿನ್ನೆಲೆ ಪರಿಶೀಲನೆ ಬಾಕಿ’ ಅಂತಾರಂತೆ. ವಕೀಲರಿಲ್ಲದೆ ಕೇಸು ಹಾಕಬಹುದೇ? ಅವನ ಪರವಾಗಿ ನಾನೇ ಸಹಿ ಮಾಡಲೇ?
– ಓದುಗರೊಬ್ಬರು, ಜಮಖಂಡಿ

ಉತ್ತರ: ಮಗನೇ ಹಾಕಬಹುದು. ನಿಮ್ಮ ಸಹಿ ನಡೆಯದು. ಜಮಖಂಡಿಯಲ್ಲಿ ಮುಖತ್ಯಾರಪತ್ರ ನೋಟರಿ ಮಾಡಿಸಿ ಕಳಿಸಿದರೂ, ವಕೀಲರಲ್ಲದವರು ಆ ಕೋರ್ಟಿನಲ್ಲಿ ಇನ್ನೊಬ್ಬರ ಪರ ನಿಲ್ಲುವಂತಿಲ್ಲ.

ಇಂಟರ್‌ವ್ಯೂ ಆಗಿ 120 ದಿನ ದಾಟಿದರೆ, ಮಗ ವಾಸವಿರುವ ಕಡೆಯ ಫೆಡರಲ್ ಜಿಲ್ಲಾ ಕೋರ್ಟಿಗೆ ಹೋಗಲು ವಲಸೆ ಕಾನೂನೇ ದಾರಿ ಕೊಟ್ಟಿದೆ. ಅವಸರಪಟ್ಟು ಅದಕ್ಕೂ ಮೊದಲೇ ಹಾಕಿದರೆ ವಜಾ ಆಗುತ್ತದೆ. ಶುಲ್ಕ 405 ಡಾಲರ್. ಇಂಟರ್‌ವ್ಯೂ ದಿನ ಅಧಿಕಾರಿ ಕೊಟ್ಟ ಎನ್-652 ಎಂಬ ಫಲಿತಾಂಶದ ಹಾಳೆಯ ಪ್ರತಿ ಲಗತ್ತಿಸಲಿ. ತಾರೀಖಿಗೆ ಅದೇ ಪುರಾವೆ.

ಹೆಚ್ಚಿನವರು ಎಡವುವುದು ಸಮನ್ಸ್ ಜಾರಿಯಲ್ಲಿ. ವಲಸೆ ಇಲಾಖೆಗೆ ಕಳಿಸಿದರೆ ಸಾಲದು. ಆ ಜಿಲ್ಲೆಯ ಸರ್ಕಾರಿ ವಕೀಲರ ಕಚೇರಿಗೂ ವಾಷಿಂಗ್ಟನ್ನಿನ ಅಟಾರ್ನಿ ಜನರಲ್‌ಗೂ ಸಮನ್ಸ್, ದೂರು ಎರಡೂ ಮುಟ್ಟಬೇಕು. ಅಂಚೆಗೆ ಹಾಕುವವರು ಮಗನಾಗಬಾರದು, 18 ತುಂಬಿದ ಗೆಳೆಯರಾರಾದರೂ ಆದೀತು. ಸರ್ಟಿಫೈಡ್ ಮೇಲ್‌ನ ಹಸಿರು ಸ್ವೀಕೃತಿ ಕಾರ್ಡು ಜೋಪಾನ. ಇದೆಲ್ಲ ಕೇಸು ಹಾಕಿದ 90 ದಿನದೊಳಗೆ ಮುಗಿಯಬೇಕು. ಸರ್ಕಾರಿ ವಕೀಲರಿಗೆ ಮುಟ್ಟಿದಂದಿನಿಂದ ಸರ್ಕಾರದ ಉತ್ತರಕ್ಕೆ 60 ದಿನ.

ಅಷ್ಟರಲ್ಲಿ ‘ಪರಿಶೀಲನೆ ಮುಗಿಯಿತು, ಕೇಸು ವಾಪಸ್ ತೆಗೆಯಿರಿ’ ಎಂಬ ಫೋನು ಸರ್ಕಾರದ ಕಡೆಯಿಂದ ಬರಬಹುದು. ಎಷ್ಟು ದಿನದಲ್ಲಿ ತೀರ್ಮಾನ ಎಂಬುದು ಬರಹದಲ್ಲಿ ಸಿಗುವವರೆಗೆ ಒಪ್ಪುವುದು ಬೇಡ.