ಬ್ಲಾಕ್‌ಚೈನ್ ಹಾಕಿದರೆ ವಿಮಾನ ನಿಲ್ದಾಣಕ್ಕೆ ಹ್ಯಾಕರ್‌ಗಳ ಕಾಟ ತಪ್ಪುತ್ತದಾ?

ವಿಮಾನ ನಿಲ್ದಾಣದ ಕಂಪ್ಯೂಟರ್ ವ್ಯವಸ್ಥೆಯನ್ನೆಲ್ಲ ಬ್ಲಾಕ್‌ಚೈನ್ ಮೇಲೆ ತಂದರೆ ಸೈಬರ್ ದಾಳಿ ನಿಲ್ಲುತ್ತದಾ, ಇದನ್ನೇ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಆರಿಸಿಕೊಳ್ಳಲಾ ಅಂತ ಕೇಳಿದ್ದೀರಿ. ಧಾರಾಳವಾಗಿ ಆರಿಸಿಕೊಳ್ಳಿ. ಆದರೆ ಬೀಗ ಮಾಡುವ ಕೆಲಸವನ್ನು ಅದರಿಂದ ಬಯಸಬೇಡಿ. ಒಮ್ಮೆ ಬರೆದ ಸಾಲನ್ನು ಕದ್ದುಮುಚ್ಚಿ ತಿದ್ದಲಾಗದ ದಫ್ತರ ಅದು, ಅಷ್ಟೆ.

2025ರ ಸೆಪ್ಟೆಂಬರ್‌ನಲ್ಲಿ ಹೀಥ್ರೂ, ಬ್ರಸೆಲ್ಸ್, ಬರ್ಲಿನ್ ಮೂರೂ ಕಡೆ ಚೆಕ್-ಇನ್ ಕೈಕೊಟ್ಟಿತಲ್ಲ, ಕಾಲಿನ್ಸ್ ಏರೋಸ್ಪೇಸ್ ಕಂಪನಿಯ ಮ್ಯೂಸ್ ತಂತ್ರಾಂಶಕ್ಕೆ ಕಡತಗಳನ್ನು ಲಾಕ್ ಮಾಡಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ತಗುಲಿತ್ತು. ಅದನ್ನೇ ನೆಚ್ಚಿಕೊಂಡಿದ್ದವರು ಪೆನ್ನು ಕಾಗದ ಹಿಡಿಯಬೇಕಾಯಿತು. ಇಂಥ ಕಡೆ ಬ್ಲಾಕ್‌ಚೈನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಲ್ಲಿ ಬೇಕಾದ್ದು ನೆಟ್‌ವರ್ಕ್‌ನಿಂದ ಬಿಡಿಸಿಟ್ಟ ಬ್ಯಾಕಪ್.

ಬ್ಲಾಕ್‌ಚೈನ್ ನಿಜವಾಗಿ ಉಪಯೋಗಕ್ಕೆ ಬರುವುದು ಲಾಗ್‌ಗಳಲ್ಲಿ, ಅಂದರೆ ಯಾರು ಯಾವಾಗ ಏನು ಮಾಡಿದರೆಂದು ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆಗಳಲ್ಲಿ. ನಾನು ಹೊಟ್ಟೆಪಾಡಿಗೆ ಸರ್ವರ್ ಲಾಗ್ ಓದುವವನು. ಒಮ್ಮೆ ಅಡ್ಮಿನ್ ಪಾಸ್‌ವರ್ಡ್ ಕದ್ದು ಒಳಗೆ ಬಂದವನು ಹೋಗುವಾಗ ತನ್ನ ಹೆಜ್ಜೆ ಗುರುತನ್ನೂ ಅಳಿಸಿಹೋಗಿದ್ದ. ರಾತ್ರಿ ಎರಡರಿಂದ ನಾಲ್ಕರವರೆಗೆ ಒಂದು ಸಾಲೂ ಇರಲಿಲ್ಲ. ಅಡ್ಮಿನ್ ಹೆಸರಿನಲ್ಲೇ ಅಳಿಸಿದ್ದರಿಂದ ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಗಿತ್ತು.

ಈಗ ಹೀಗೊಂದು ಸಾಲು ಊಹಿಸಿಕೊಳ್ಳಿ: ‘02:13, ಬ್ಯಾಡ್ಜ್ 4471, ಬ್ಯಾಗೇಜ್ ಸರ್ವರ್ ಕೋಣೆ, ಬಾಗಿಲು ತೆರೆಯಿತು’. ಇದರ ಹ್ಯಾಶ್ (ಸಾಲಿನಿಂದ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಸಂಕೇತ; ಒಂದಕ್ಷರ ಬದಲಾದರೂ ಅದು ಬೇರೆಯಾಗುತ್ತದೆ) ಮುಂದಿನ ಸಾಲಿನೊಳಗೆ ಸೇರುತ್ತದೆ, ಅದರದ್ದು ಅದರ ಮುಂದಿನದಕ್ಕೆ. 4471 ಅನ್ನು 4472 ಮಾಡಿದರೆ ಅಲ್ಲಿಂದಾಚೆಗಿನ ಹ್ಯಾಶ್ ಯಾವುದೂ ತಾಳೆಯಾಗದು. ಪ್ರತಿಗಳು ನಿಲ್ದಾಣ, ಏರ್‌ಲೈನ್, ಗ್ರೌಂಡ್ ಹ್ಯಾಂಡ್ಲಿಂಗ್ ಕಂಪನಿ, ಭದ್ರತಾ ಪಡೆ ನಾಲ್ವರ ಬಳಿಯೂ ಇದ್ದರೆ ಒಬ್ಬ ಅಡ್ಮಿನ್ ಕೈಯಲ್ಲಿ ಏನೂ ಆಗದು. (ಬರೆಯುವವರು ಒಬ್ಬರೇ ಆಗಿದ್ದರೆ ಇಷ್ಟೆಲ್ಲ ಬೇಡ, ಕೊನೆಯ ಹ್ಯಾಶನ್ನು ಆಗಾಗ ಹೊರಗೆಲ್ಲಾದರೂ ಎತ್ತಿಟ್ಟರೆ ಸಾಕು.)

ಹಲವರು ಸೇರಿ ಬರೆಯುವ ದಫ್ತರಕ್ಕೆ ಹಳೆಯ ಉದಾಹರಣೆಯೂ ಇದೆ. ಒಂದೇ ವಿಮಾನದ ಹೊರಡುವ ಸಮಯ ಏರ್‌ಲೈನ್ ಆ್ಯಪ್‌ನಲ್ಲಿ ಒಂದು, ನಿಲ್ದಾಣದ ಬೋರ್ಡ್‌ನಲ್ಲಿ ಇನ್ನೊಂದು ಇರುತ್ತದಲ್ಲ, ಅದನ್ನು ಸರಿಪಡಿಸಲು 2017ರಲ್ಲಿ ವಿಮಾನಯಾನಕ್ಕೆ ಐಟಿ ಸೇವೆ ಕೊಡುವ ಸೀಟಾ ಸಂಸ್ಥೆ ಬ್ರಿಟಿಷ್ ಏರ್‌ವೇಸ್ ಹಾಗೂ ಹೀಥ್ರೂ, ಜಿನೀವಾ, ಮಯಾಮಿ ನಿಲ್ದಾಣಗಳ ಜೊತೆ ‘ಫ್ಲೈಟ್‌ಚೈನ್’ ಪ್ರಯೋಗ ಮಾಡಿತ್ತು. ಓದಿ ನೋಡಿ.

ಪ್ರಯಾಣಿಕರ ಮಾಹಿತಿಯನ್ನು ಮಾತ್ರ ಚೈನ್ ಹತ್ತಿರ ಸುಳಿಯಗೊಡಬೇಡಿ. ‘ಹ್ಯಾಶ್ ಮಾತ್ರ ಇಡ್ತೀವಿ ಸರ್’ ಅನ್ನುವುದೂ ನಡೆಯದು. ವಿಮಾನ ಟಿಕೆಟ್‌ನ ಬುಕಿಂಗ್ ಗುರುತಾದ ಪಿಎನ್‌ಆರ್ ಇರುವುದು ಆರೇ ಅಕ್ಷರ. ಅಂಕೆ ಸೇರಿಸಿದರೂ ಹೆಚ್ಚೆಂದರೆ ಸುಮಾರು 218 ಕೋಟಿ ಸಾಧ್ಯತೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಅಷ್ಟನ್ನೂ ಕೆಲವೇ ಸೆಕೆಂಡುಗಳಲ್ಲಿ ಹ್ಯಾಶ್ ಮಾಡಿ ಹೋಲಿಸಿಬಿಡುತ್ತದೆ. ಆಮೇಲೆ ಅಳಿಸೋಣವೆಂದರೆ ಅಳಿಸಲಾಗದ್ದೇ ಅದರ ಗುಣ! ಇನ್ನೊಂದು ವಿಷಯ, ಕದ್ದ ಬ್ಯಾಡ್ಜ್‌ನಿಂದ ಬಾಗಿಲು ತೆರೆದರೆ ಆ ಸುಳ್ಳೂ ಅಷ್ಟೇ ಭದ್ರವಾಗಿ ಕೂರುತ್ತದೆ.

ಹಾಗಾಗಿ ಪ್ರಾಜೆಕ್ಟನ್ನು ಚಿಕ್ಕದು ಮಾಡಿಕೊಳ್ಳಿ. ಸಂಸ್ಥೆಗಳು ತಮ್ಮತಮ್ಮಲ್ಲೇ ಬ್ಲಾಕ್‌ಚೈನ್ ಕಟ್ಟಿಕೊಳ್ಳುವ ತಂತ್ರಾಂಶವಾದ ಹೈಪರ್‌ಲೆಡ್ಜರ್ ಫ್ಯಾಬ್ರಿಕ್‌ನಲ್ಲಿ ನಾಲ್ಕು ನೋಡ್ (ಪ್ರತಿ ಇಟ್ಟುಕೊಳ್ಳುವ ಕಂಪ್ಯೂಟರ್), ಬ್ಯಾಡ್ಜ್ ಲಾಗ್‌ನ ಹ್ಯಾಶ್‌ಗಳು, ಮತ್ತೇನೂ ಬೇಡ. ವೈವಾ ದಿನ ಪರೀಕ್ಷಕರ ಕೈಗೇ ಅಡ್ಮಿನ್ ಪಾಸ್‌ವರ್ಡ್ ಕೊಟ್ಟು, ಇಷ್ಟ ಬಂದ ಒಂದು ಸಾಲು ಅಳಿಸಿ ಅನ್ನಿ.